ಸರಳ ನೆಟ್‌ವರ್ಕ್ ಯಾಕೆ ಭದ್ರ? ಮಲೆನಾಡಿನ ಕಚೇರಿಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಸೊಸೈಟಿ, ಶಾಲೆ, ಅಡಿಕೆ ಮಂಡಿ, ನರ್ಸಿಂಗ್ ಹೋಮ್, ಹೋಮ್‌ಸ್ಟೇಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸ. ಹೋದಲ್ಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಹೊರಡುವ ಗಡಿಬಿಡಿಯಲ್ಲಿ ಹೇಳಿದ ಉತ್ತರ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಬರೆದಿಟ್ಟಿದ್ದೇನೆ.

ಪ್ರಶ್ನೆ: ಭದ್ರತೆ ಬೇಕು ಅಂದರೆ ಸಾಮಾನು ಜಾಸ್ತಿ ಹಾಕಬೇಕಲ್ವಾ? ನೀವು ನೋಡಿದರೆ ಕಡಿಮೆ ಮಾಡಿ ಅಂತೀರಿ.

ತೋಟದ ಬೇಲಿ ನೆನಪು ಮಾಡಿಕೊಳ್ಳಿ. ಒಂದೇ ಉಣುಗೋಲು ಇರುವ ತೋಟ ಕಾಯುವುದು ಸುಲಭ. ಸಂಜೆ ಒಂದು ಸಲ ಹೋಗಿ ಕೋಲು ಹಾಕಿದೆಯಾ ಅಂತ ನೋಡಿದರೆ ಆಯಿತು. ಅದೇ ತೋಟಕ್ಕೆ ಗದ್ದೆ ಕಡೆಯಿಂದ ಒಂದು ದಾರಿ, ಹಳ್ಳದ ಕಡೆಯಿಂದ ಒಂದು, ಪಕ್ಕದ ಮನೆಯವರು ಓಡಾಡಲಿ ಅಂತ ಇನ್ನೊಂದು ಬಿಟ್ಟರೆ, ಹಂದಿ ಯಾವ ಕಂಡಿಯಲ್ಲಿ ನುಗ್ಗಿತು ಅಂತ ಬೆಳಗ್ಗೆ ಹುಡುಕುತ್ತಾ ಸುತ್ತಬೇಕು.

ನೆಟ್‌ವರ್ಕಿನಲ್ಲಿ ಈ ಲೆಕ್ಕ ಇನ್ನೂ ಬೇಗ ಬೆಳೆಯುತ್ತದೆ. 5 ಉಪಕರಣಗಳು ಒಂದಕ್ಕೊಂದು ಮಾತಾಡುವ ಹಾಗಿದ್ದರೆ 10 ಜೋಡಿ ಆಗುತ್ತವೆ. 10 ಉಪಕರಣಕ್ಕೆ 45 ಜೋಡಿ. 40 ಉಪಕರಣಕ್ಕೆ 780. ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ, ಬಯೋಮೆಟ್ರಿಕ್ ಮೆಷಿನ್, ಎಲ್ಲರ ಮೊಬೈಲ್ ಸೇರಿಸಿದರೆ ಸಾಧಾರಣ ಶಾಲೆಯಲ್ಲೂ 40 ದಾಟುತ್ತದೆ. 780 ದಾರಿಯನ್ನು ಯಾರು ನೋಡಿಕೊಳ್ಳುತ್ತಾರೆ?

ಇದು ನಾನು ಕಂಡುಹಿಡಿದ ಮಾತಲ್ಲ. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಅನ್ನುವ ಇಬ್ಬರು 1975ರಲ್ಲಿ ಕಂಪ್ಯೂಟರ್ ರಕ್ಷಣೆಗೆ ಎಂಟು ಸೂತ್ರ ಬರೆದರು. ಅದರಲ್ಲಿ ಮೊದಲನೆಯದೇ ವ್ಯವಸ್ಥೆ ಸಣ್ಣದಾಗಿ, ಸರಳವಾಗಿ ಇರಲಿ ಅನ್ನುವುದು. ಅವರು ಕೊಟ್ಟ ಕಾರಣ ನನಗೆ ತುಂಬಾ ಹಿಡಿಸಿದೆ. ಪ್ರಿಂಟರ್ ಕೆಟ್ಟರೆ ಐದು ನಿಮಿಷದಲ್ಲಿ ಫೋನ್ ಬರುತ್ತದೆ. ಬೇಡದ ಬಾಗಿಲು ತೆರೆದಿದ್ದರೆ? ಯಾರೂ ಫೋನ್ ಮಾಡುವುದಿಲ್ಲ. ದಿನದ ಕೆಲಸ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಆ ತಪ್ಪು ತಾನಾಗಿ ಕಣ್ಣಿಗೆ ಬೀಳುವುದೇ ಇಲ್ಲ. ಕೂತು ಒಂದೊಂದೇ ನೋಡಬೇಕು. ಹಾಗೆ ನೋಡಿ ಮುಗಿಸುವಷ್ಟು ಸಣ್ಣದಾಗಿದ್ದರೆ ಮಾತ್ರ ನೋಡುತ್ತೇವೆ. ಕೆಳಗೆ ನಾನು ಹೇಳುವುದೆಲ್ಲ ಇದೊಂದೇ ಕಾರಣಕ್ಕೆ.

ಪ್ರಶ್ನೆ: ಹಾಗಾದರೆ ಎಲ್ಲವನ್ನೂ ಒಂದೇ ಸ್ವಿಚ್ಚಿಗೆ (ನೆಟ್‌ವರ್ಕ್ ವೈರುಗಳು ಬಂದು ಸೇರುವ ಪೆಟ್ಟಿಗೆಗೆ) ಹಾಕಿಬಿಡೋಣವಾ? ಅದಕ್ಕಿಂತ ಸರಳ ಏನಿದೆ?

ಅದು ಸರಳ ಅಲ್ಲ, ಸಲೀಸು ಅಷ್ಟೇ. ಹಾಕುವವನಿಗೆ ಸಲೀಸು. ಮೇಲೆ ಹೇಳಿದ 780 ಜೋಡಿ ಹುಟ್ಟುವುದೇ ಹೀಗೆ.

ನಮ್ಮ ಕಡೆಯ ಹಳೇ ಮನೆಗಳನ್ನು ನೋಡಿ. ಗುರುತಿಲ್ಲದವರು ಬಂದರೆ ಜಗಲಿಯಲ್ಲಿ ಕೂರುತ್ತಾರೆ. ನೀರು, ಬೆಲ್ಲ, ಮಾತು ಎಲ್ಲ ಅಲ್ಲೇ. ನೆಂಟರು ನಡುಮನೆಗೆ ಬರುತ್ತಾರೆ. ಅಡಿಗೆಮನೆಗೆ, ದೇವರ ಕೋಣೆಗೆ ಮನೆಯವರು ಮಾತ್ರ. ಕೊಟ್ಟಿಗೆಗೆ ಬೇರೆಯದೇ ಬಾಗಿಲು. ಯಾರು ಎಲ್ಲಿಯವರೆಗೆ ಬರಬಹುದು ಅಂತ ಮನೆಯ ಸಣ್ಣ ಮಗುವಿಗೂ ಗೊತ್ತು. ಗೋಡೆ ನಾಲ್ಕೇ, ಆದರೆ ಸರಿಯಾದ ಜಾಗದಲ್ಲಿವೆ.

ನೆಟ್‌ವರ್ಕಿಗೂ ಇಷ್ಟು ಸಾಕು. ಬಂದುಹೋಗುವವರ ವೈಫೈ ಜಗಲಿ. ಸಿಬ್ಬಂದಿಯ ಕಂಪ್ಯೂಟರುಗಳು ನಡುಮನೆ. ಲೆಕ್ಕಪತ್ರದ ಸರ್ವರ್, ಬ್ಯಾಕಪ್ ಇರುವುದು ಒಳಕೋಣೆ. ಕ್ಯಾಮೆರಾ, ಬಯೋಮೆಟ್ರಿಕ್, ಟಿವಿ ಕೊಟ್ಟಿಗೆಗೆ. ಜಗಲಿಯಿಂದ ಹೊರಗಿನ ಇಂಟರ್ನೆಟ್ ಸಿಗಲಿ, ಒಳಗಿನ ಯಾವುದೂ ಕಾಣದಿರಲಿ. ಕೊಟ್ಟಿಗೆಯಿಂದ ಒಳಕೋಣೆಗೆ ದಾರಿಯೇ ಬೇಡ. ಇದಕ್ಕೆ ವಿಲ್ಯಾನ್ ಅನ್ನುತ್ತಾರೆ. ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ಕೋಣೆ ಮಾಡುವ ವಿಧಾನ. ಅದಕ್ಕೆ ಮ್ಯಾನೇಜ್ಡ್ ಸ್ವಿಚ್, ಅಂದರೆ ಸೆಟ್ಟಿಂಗ್ ಬದಲಿಸಲು ಬರುವ ಸ್ವಿಚ್ ಒಂದು ಬೇಕಾಗುತ್ತದೆ.

ಗೋಡೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಟಾರ್ಗೆಟ್ ಅಂಗಡಿಗಳದ್ದು. 2013ರಲ್ಲಿ ಅಲ್ಲಿ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಒಳಗೆ ಬಂದದ್ದು ಅಂಗಡಿಯ ತಂಪು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರರ ಪಾಸ್‌ವರ್ಡ್ ಹಿಡಿದು. ಅಲ್ಲಿಂದ ನಡೆದು ನಡೆದು ಬಿಲ್ಲಿಂಗ್ ಮೆಷಿನ್‌ವರೆಗೆ ಹೋದರು. ತಂಪು ಯಂತ್ರ ನೋಡುವವರಿಗೆ ದುಡ್ಡಿನ ಪೆಟ್ಟಿಗೆಯ ಹತ್ತಿರ ಏನು ಕೆಲಸ?

ಇದರ ಜೊತೆಗೆ ಇನ್ನೊಂದು ಮಾತು. ಗೋಡೆ ಒಳ್ಳೆಯದು ಅಂತ ಕೇಳಿ ಹದಿನೈದು ವಿಲ್ಯಾನ್ ಮಾಡಬೇಡಿ. ಹತ್ತು ಜನರ ಕಚೇರಿಗೆ ಹದಿನಾಲ್ಕು ಕೋಣೆ ಮಾಡಿದ್ದನ್ನು ನೋಡಿದ್ದೇನೆ. ಪ್ರಿಂಟ್ ಬರಲಿಲ್ಲ ಅಂತ ಒಂದೊಂದೇ ಕೋಣೆಯ ನಡುವೆ ಕಿಟಕಿ ಕೊರೆದಿದ್ದರು. ಕೊನೆಗೆ ಗೋಡೆಗಿಂತ ಕಿಟಕಿಯೇ ಜಾಸ್ತಿ. ಕೋಣೆಗೆ ಹೆಸರು ಹೇಳಿದ ತಕ್ಷಣ ಒಳಗೆ ಯಾರಿದ್ದಾರೆ ಅಂತ ಗೊತ್ತಾಗಬೇಕು. ಅಷ್ಟಕ್ಕೆ ನಿಲ್ಲಿಸಿ.

ಪ್ರಶ್ನೆ: ನಮ್ಮದು ಆರು ಕಂಪ್ಯೂಟರಿನ ಸೊಸೈಟಿ. ಇಲ್ಲಿಗೆ ಯಾರು ಹುಡುಕಿಕೊಂಡು ಬರುತ್ತಾರೆ?

ಯಾರೂ ನಿಮ್ಮನ್ನೇ ಹುಡುಕುವುದಿಲ್ಲ. ಇಂಟರ್ನೆಟ್‌ನಲ್ಲಿರುವ ಪ್ರತಿಯೊಂದು ವಿಳಾಸದ ಬಾಗಿಲನ್ನೂ ತಟ್ಟಿ ನೋಡುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಅವಕ್ಕೆ ಬೆಂಗಳೂರು, ಸೊರಬ ಎರಡೂ ಒಂದೇ. 2016ರಲ್ಲಿ ಬಂದ ಮಿರಾಯ್ ಅನ್ನುವ ಕಳ್ಳ ಪ್ರೋಗ್ರಾಂ ಹೀಗೇ ಹರಡಿತು. ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟ ಕ್ಯಾಮೆರಾ, ಅದರ ರೆಕಾರ್ಡಿಂಗ್ ಇಡುವ ಡಿವಿಆರ್‌ಗಳೇ ಅದರ ಬೇಟೆ. ಅದರ ಕೈಯಲ್ಲಿದ್ದದ್ದು 60ರ ಆಸುಪಾಸು ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳ ಪಟ್ಟಿ ಮಾತ್ರ. ಅಷ್ಟರಿಂದಲೇ ಲಕ್ಷಾಂತರ ಉಪಕರಣಗಳನ್ನು ಹಿಡಿದುಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವೆಲ್ಲ ಒಟ್ಟಿಗೆ, ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಕಂಪನಿಯ ಮೇಲೆ ಬಿದ್ದಾಗ ಟ್ವಿಟ್ಟರ್, ನೆಟ್‌ಫ್ಲಿಕ್ಸ್ ಮುಂತಾದವು ಗಂಟೆಗಟ್ಟಲೆ ಸಿಗಲಿಲ್ಲ.

ಪ್ರಶ್ನೆ: ಫೈರ್‌ವಾಲ್‌ನಲ್ಲಿ ಎಷ್ಟು ರೂಲ್ ಇರಬೇಕು?

ಫೈರ್‌ವಾಲ್ ಅಂದರೆ ಯಾವುದು ಒಳಗೆ ಬರಬಹುದು, ಯಾವುದು ಹೊರಗೆ ಹೋಗಬಹುದು ಅಂತ ನೋಡುವ ಕಾವಲುಗಾರ. ರೂಲ್ ಅಂದರೆ ಅದಕ್ಕೆ ಬರೆದುಕೊಟ್ಟ ಒಂದೊಂದು ಅಪ್ಪಣೆ. ನೀವು ಒಂದೊಂದನ್ನೂ ಬಾಯಲ್ಲಿ ವಿವರಿಸಬಲ್ಲಷ್ಟು ಇರಲಿ.

ಕೆಲವು ವರ್ಷದ ಹಿಂದೆ ಒಂದು ಕಚೇರಿಯವರು ಕರೆದರು. ಫೈಲುಗಳೆಲ್ಲ ಲಾಕ್ ಆಗಿ ದುಡ್ಡು ಕೇಳುವ ಚೀಟಿ ಬಂದಿತ್ತು. ಮಳೆಗಾಲ ಆಗಷ್ಟೇ ಶುರುವಾಗಿತ್ತು. ಹೋಗಿ ನೋಡಿದರೆ ಫೈರ್‌ವಾಲ್ ಒಳ್ಳೆಯದೇ. ಅದರಲ್ಲಿ 64 ರೂಲ್ ಇದ್ದವು. ಓದುತ್ತಾ ಹೋದೆ. 41ನೆಯದು ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲನ್ನು, ಅಂದರೆ 3389 ಪೋರ್ಟನ್ನು, ಇಡೀ ಜಗತ್ತಿಗೆ ತೆರೆದಿತ್ತು. ಅಕೌಂಟ್ಸ್ ಸಾಫ್ಟ್‌ವೇರ್ ಸರಿಮಾಡಲು ಯಾರಿಗೋ ಒಂದು ಮಧ್ಯಾಹ್ನಕ್ಕೆ ಬೇಕಾಗಿತ್ತಂತೆ. ಮೂರು ವರ್ಷ ಹಾಗೇ ಉಳಿದಿತ್ತು. ಆ ರೂಲಿಗೆ ಹೆಸರಿಲ್ಲ, ತಾರೀಕಿಲ್ಲ. ಮಧ್ಯೆ ಎರಡು ಸಲ ಬೇರೆಯವರು ಬಂದು ನೋಡಿದ್ದರು. 64ರ ಮಧ್ಯೆ ಅದು ಅವರಿಗೂ ಕಾಣಲಿಲ್ಲ. ಯಾವುದನ್ನು ತೆಗೆದರೆ ಏನು ನಿಲ್ಲುತ್ತದೋ ಅನ್ನುವ ಹೆದರಿಕೆಯಿಂದ ಯಾರೂ ಮುಟ್ಟಿರಲಿಲ್ಲ. ಆ ಕಚೇರಿಯ ಹುಡುಗಿ ಎರಡು ವರ್ಷದ ರಸೀದಿಗಳನ್ನು ಪುಸ್ತಕ ನೋಡಿ ಮತ್ತೆ ಟೈಪ್ ಮಾಡಬೇಕಾಯಿತು. ಅದು ನನಗೆ ಇನ್ನೂ ಮರೆತಿಲ್ಲ.

ಎಲ್ಲ ಮುಗಿದ ಮೇಲೆ ಅದೇ ಫೈರ್‌ವಾಲನ್ನು ಖಾಲಿ ಮಾಡಿ ಮೊದಲಿನಿಂದ ಬರೆದೆವು. 9 ರೂಲಿನಲ್ಲಿ ಕೆಲಸ ಮುಗಿಯಿತು. ಕೊನೆಯದು ಮೇಲಿನ ಯಾವುದಕ್ಕೂ ಸೇರದ್ದನ್ನೆಲ್ಲ ತಡೆ ಅನ್ನುವುದು. ಪ್ರತಿ ರೂಲಿನ ಪಕ್ಕ ಯಾರಿಗಾಗಿ, ಯಾಕೆ, ಯಾವತ್ತಿನವರೆಗೆ ಅಂತ ಬರೆದೆವು. ಯಾವತ್ತಿನವರೆಗೆ ಅನ್ನುವ ಆ ಮೂರನೆಯ ಮಾತೇ ಮುಖ್ಯ. ತಾತ್ಕಾಲಿಕ ಅಂತ ತೆರೆದದ್ದಕ್ಕೆ ಮುಚ್ಚುವ ದಿನ ಬರೆದಿರದಿದ್ದರೆ ಅದು ಕಾಯಂ ಆಗಿಬಿಡುತ್ತದೆ.

ಇದು ನಮ್ಮೂರಿನ ಅನುಭವ ಮಾತ್ರ ಅಲ್ಲ. ಅವಿಶಾಯ್ ವೂಲ್ ಅನ್ನುವ ಸಂಶೋಧಕರು 2004ರಲ್ಲಿ 37 ಫೈರ್‌ವಾಲ್‌ಗಳ ರೂಲ್ ಪಟ್ಟಿ ಹಿಡಿದು ಪರೀಕ್ಷೆ ಮಾಡಿದರು. ಪಟ್ಟಿ ಎಷ್ಟು ಜಟಿಲವೋ ತಪ್ಪೂ ಅಷ್ಟು ಜಾಸ್ತಿ ಇತ್ತು.

ಪ್ರಶ್ನೆ: ರೂಟರಿನಲ್ಲಿ ಎಷ್ಟೊಂದು ಸೌಲಭ್ಯ ಇದೆ. ದುಡ್ಡು ಕೊಟ್ಟ ಮೇಲೆ ಆಫ್ ಯಾಕೆ ಮಾಡಬೇಕು?

ಬಳಸದ ಸೌಲಭ್ಯವೂ ಒಂದು ಬಾಗಿಲೇ. ಅದನ್ನು ಮನೆಯವರು ಬಳಸುವುದಿಲ್ಲ ಅಷ್ಟೇ, ಕಳ್ಳ ಬಳಸುತ್ತಾನೆ.

ವೈಫೈ ರೂಟರಿನ ಡಬ್ಲ್ಯುಪಿಎಸ್ ತೆಗೆದುಕೊಳ್ಳಿ. ಉದ್ದದ ಪಾಸ್‌ವರ್ಡ್ ಟೈಪ್ ಮಾಡುವ ಕಷ್ಟ ತಪ್ಪಲಿ ಅಂತ 8 ಅಂಕಿಯ ಪಿನ್ ಕೊಟ್ಟರು. 8 ಅಂಕಿ ಅಂದರೆ 10 ಕೋಟಿ ಸಾಧ್ಯತೆ, ಊಹಿಸುವುದು ಕಷ್ಟ ಅನ್ನಿಸುತ್ತದೆ. ಆದರೆ ರೂಟರ್ ಆ ಪಿನ್ನನ್ನು ಎರಡು ತುಂಡು ಮಾಡಿ ನೋಡುತ್ತಿತ್ತು. ಮೊದಲ 4 ಅಂಕಿ ಸರಿಯಾ ತಪ್ಪಾ ಅಂತ ಬೇರೆಯಾಗಿಯೇ ಹೇಳಿಬಿಡುತ್ತಿತ್ತು. ಅದಕ್ಕೆ 10,000 ಪ್ರಯತ್ನ ಸಾಕು. ಉಳಿದ ನಾಲ್ಕರಲ್ಲಿ ಕೊನೆಯದು ತಾಳೆ ನೋಡುವ ಅಂಕಿ. ಹಾಗಾಗಿ 3 ಅಂಕಿಗೆ 1,000 ಪ್ರಯತ್ನ. ಒಟ್ಟು 11,000. 10 ಕೋಟಿ ಎಲ್ಲಿ, 11,000 ಎಲ್ಲಿ! ಇದು 2011ರ ಡಿಸೆಂಬರಿನಲ್ಲಿ ಬಯಲಾಯಿತು. ನಿಮ್ಮ ವೈಫೈ ಪಾಸ್‌ವರ್ಡ್ ಎಷ್ಟೇ ಗಟ್ಟಿ ಇರಲಿ, ಪಕ್ಕದಲ್ಲಿ ಈ ಪುಟ್ಟ ಬಾಗಿಲು ತೆರೆದಿದ್ದರೆ ಏನು ಪ್ರಯೋಜನ?

ದೊಡ್ಡವರಿಗೂ ಇದೇ ಆಗಿದೆ. ಜಗತ್ತಿನ ಎಷ್ಟೋ ವೆಬ್‌ಸೈಟುಗಳು ಮಾಹಿತಿಯನ್ನು ಗುಟ್ಟಾಗಿ ಕಳಿಸಲು ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಅನ್ನುವ ಸಾಫ್ಟ್‌ವೇರಿಗೆ 2012ರಲ್ಲಿ ಹಾರ್ಟ್‌ಬೀಟ್ ಅಂತ ಒಂದು ಸೌಲಭ್ಯ ಸೇರಿತು. ಇದ್ದೀಯಾ ಅಂತ ಕೇಳುವುದು, ಇದ್ದೇನೆ ಅಂತ ಹೇಳುವುದು, ಅಷ್ಟೇ. ಹೆಚ್ಚಿನವರಿಗೆ ಅದರ ಅಗತ್ಯವೇ ಇರಲಿಲ್ಲ. ಆದರೂ ತಾನಾಗಿ ಆನ್ ಆಗಿರುತ್ತಿತ್ತು. ಸುಳ್ಳು ಅಳತೆ ಹೇಳಿ ಕೇಳಿದರೆ ಸರ್ವರ್ ತನ್ನ ಮೆಮೊರಿಯಿಂದ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ತೆಗೆದು ಕೊಟ್ಟುಬಿಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಗುಟ್ಟಿನ ಕೀ ಇರಬಹುದು. ಹಾರ್ಟ್‌ಬ್ಲೀಡ್ ಅನ್ನುವ ಹೆಸರಿನಲ್ಲಿ ಇದು ಗೊತ್ತಾಗಿದ್ದು 2014ರ ಏಪ್ರಿಲ್‌ನಲ್ಲಿ. ಎರಡು ವರ್ಷ ಯಾರಿಗೂ ಪ್ರಿಂಟರ್ ಕೆಟ್ಟ ಹಾಗೆ ಕಾಣಲಿಲ್ಲ.

ನಾನು ಹೊಸ ರೂಟರ್ ತೆರೆದ ಕೂಡಲೇ ಆಫ್ ಮಾಡುವುದು ಡಬ್ಲ್ಯುಪಿಎಸ್, ಯುಪಿಎನ್‌ಪಿ (ಒಳಗಿನ ಉಪಕರಣಗಳು ನಮ್ಮನ್ನು ಕೇಳದೆ ಬಾಗಿಲು ತೆರೆಸಿಕೊಳ್ಳುವ ಸೌಲಭ್ಯ), ಹೊರಗಿನಿಂದ ರೂಟರಿಗೆ ಲಾಗಿನ್ ಆಗುವ ಸೌಲಭ್ಯ. ಹಳೇ ವಿಂಡೋಸ್ ಇದ್ದರೆ, ಫೈಲ್ ಹಂಚಿಕೊಳ್ಳುವ ಹಳೇ ವಿಧಾನವಾದ ಎಸ್‌ಎಂಬಿ 1 ಕೂಡ. 2017ರ ಮೇ ತಿಂಗಳಲ್ಲಿ, ಫೈಲು ಲಾಕ್ ಮಾಡಿ ದುಡ್ಡು ಕೇಳುವ ವನ್ನಾಕ್ರೈ ಹರಡಿದ್ದು ಅದರ ಮೂಲಕವೇ. ರಿಪೇರಿ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಪ್ರಶ್ನೆ: ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ಬರಲು ಆಗುವುದಿಲ್ಲ. ಮನೆಯಿಂದಲೇ ಆಫೀಸಿನ ಕಂಪ್ಯೂಟರ್ ನೋಡಬೇಕು. ಹೇಗೆ?

ಒಂದೇ ಬಾಗಿಲು ಇಟ್ಟುಕೊಳ್ಳಿ, ಅದು ವಿಪಿಎನ್ ಆಗಿರಲಿ. ವಿಪಿಎನ್ ಅಂದರೆ ಇಂಟರ್ನೆಟ್ ಮೂಲಕವೇ ಆಫೀಸಿಗೆ ಹೋಗುವ, ಕೀ ಇದ್ದವರಿಗೆ ಮಾತ್ರ ತೆರೆಯುವ ಖಾಸಗಿ ದಾರಿ. ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಒಳಗಿನ ಉಪಕರಣಕ್ಕೆ ನೇರ ದಾರಿ ಬಿಡುವುದು ಬೇಡ. ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಒಂದೊಂದು ರಿಮೋಟ್ ಸಾಫ್ಟ್‌ವೇರ್ ಹಾಕಿಡುವುದೂ ಬೇಡ.

ನಾನು ಈಗ ಹಾಕುವುದು ವೈರ್‌ಗಾರ್ಡ್ ಅನ್ನುವ ವಿಪಿಎನ್. ಅದರ ಪ್ರೋಗ್ರಾಂ ಬರೆದದ್ದು ಸುಮಾರು 4,000 ಸಾಲಿನಲ್ಲಿ. ಅದೇ ಕೆಲಸ ಮಾಡುವ ಹಳೆಯ ವ್ಯವಸ್ಥೆಗಳು ಲಕ್ಷ ಸಾಲು ದಾಟುತ್ತವೆ. 4,000 ಸಾಲನ್ನು ತಿಳಿದವರೊಬ್ಬರು ಕೂತು ಪೂರ್ತಿ ಓದಬಹುದು. ಲಕ್ಷ ಸಾಲನ್ನು ಯಾರು ಓದುತ್ತಾರೆ? 2020ರ ಮಾರ್ಚ್‌ನಿಂದ ಅದು ಲಿನಕ್ಸ್ ಕರ್ನಲ್‌ನ (ಆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ) ಒಳಗೇ ಇದೆ. ನನಗೆ ಇಷ್ಟವಾದ ಗುಣ ಇನ್ನೊಂದಿದೆ. ಸರಿಯಾದ ಕೀ ಇಲ್ಲದವರು ಬಂದು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಹೊರಗಿನವರಿಗೆ ಅಲ್ಲೊಂದು ಬಾಗಿಲಿದೆ ಅಂತಲೂ ತಿಳಿಯುವುದಿಲ್ಲ.

ಹೀಗೆ ಮನೆಯಿಂದ ಆಫೀಸನ್ನು ತಲುಪಲು ಆಫೀಸಿನ ಲೈನಿಗೆ ಸ್ವಂತ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ಸಿಗುವ ಇಂಟರ್ನೆಟ್ ವಿಳಾಸ ಬೇಕು. ಬಹಳಷ್ಟು ಬ್ರಾಡ್‌ಬ್ಯಾಂಡ್ ಲೈನ್‌ಗಳಿಗೆ ಅದು ಇರುವುದಿಲ್ಲ. ಲೈನ್ ಕೊಟ್ಟವರ ಹತ್ತಿರ ಮೊದಲೇ ಕೇಳಿಕೊಳ್ಳಿ. ಕೆಲಸ ಬಿಟ್ಟುಹೋದವರ ಕೀಯನ್ನು ಅವತ್ತೇ ತೆಗೆಯಿರಿ.

ಪ್ರಶ್ನೆ: ತೋಟದ ಕ್ಯಾಮೆರಾ ಮೊಬೈಲಿನಲ್ಲಿ ಕಾಣಬೇಕು.

ಅದೇ ವಿಪಿಎನ್‌ನಲ್ಲೇ ನೋಡಿ. ಡಿವಿಆರ್ ಅನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆಯಬೇಡಿ. ಕಂಪನಿಯ ಪಾಸ್‌ವರ್ಡ್ ಬದಲಿಸಿ.

ಪ್ರಶ್ನೆ: ಎರಡು ಆಂಟಿವೈರಸ್ ಹಾಕಿದರೆ ಇನ್ನೂ ಒಳ್ಳೆಯದಲ್ವಾ?

ಬೇಡ. ಒಂದಕ್ಕೊಂದು ಅಡ್ಡ ಬರುತ್ತವೆ. ಒಂದನ್ನು ಹಾಕಿ, ಅದನ್ನು ಅಪ್‌ಡೇಟ್ ಆಗಲು ಬಿಡಿ.

ಪ್ರಶ್ನೆ: ಪಾಸ್‌ವರ್ಡನ್ನು ಪ್ರತಿ ತಿಂಗಳು ಬದಲಿಸಲು ಹೇಳಿದ್ದಾರೆ. ಬೇಕಾ?

ಬೇಕಿಲ್ಲ. ಮಾನದಂಡ ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೀಗೆ ಸುಮ್ನೆ ಬದಲಿಸುವ ಕಡ್ಡಾಯ ಬೇಡ ಅಂದಿದೆ. ತಿಂಗಳಿಗೊಮ್ಮೆ ಬದಲಿಸು ಅಂದರೆ ಜನ ಕೊನೆಗೆ 1, 2, 3 ಸೇರಿಸುತ್ತಾರೆ, ಇಲ್ಲವೇ ಮಾನಿಟರಿಗೆ ಚೀಟಿ ಅಂಟಿಸುತ್ತಾರೆ. ಉದ್ದದ್ದು ಒಂದು ಇಡಿ. ಸೋರಿದೆ ಅನ್ನಿಸಿದರೆ ಬದಲಿಸಿ. ಎರಡನೇ ಹಂತದ ದೃಢೀಕರಣ (ಪಾಸ್‌ವರ್ಡ್ ಆದ ಮೇಲೆ ಮೊಬೈಲಿನ ಕೋಡ್ ಕೇಳುವಂಥದ್ದು) ಸಿಗುವಲ್ಲೆಲ್ಲ ಅದನ್ನು ಹಾಕಿಕೊಳ್ಳಿ.

ಪ್ರಶ್ನೆ: ಅದು ಮತ್ತೊಂದು ತೊಡಕಲ್ವಾ? ಎಲ್ಲಿ ಸರಳ ಸಾಕು, ಎಲ್ಲಿ ಸಾಲದು?

ಒಳ್ಳೆಯ ಪ್ರಶ್ನೆ. ಎರಡನೇ ಹಂತ ಒಂದು ತೊಡಕೇ, ಬ್ಯಾಕಪ್ ಒಂದು ತೊಡಕೇ, ವಿಲ್ಯಾನ್ ಕೂಡ. ನಾನು ಸೇರಿಸುವ ಮೊದಲು ಎರಡು ವಿಷಯ ನೋಡುತ್ತೇನೆ. ಇದು ಯಾವ ಕಷ್ಟವನ್ನು ತಡೆಯುತ್ತದೆ ಅಂತ ಒಂದು ವಾಕ್ಯದಲ್ಲಿ ಹೇಳಲು ಬರುತ್ತದಾ? ಇದು ಕೆಟ್ಟರೆ ಕಚೇರಿಯಲ್ಲಿರುವವರಿಗೇ ಗೊತ್ತಾಗುತ್ತದಾ? ಎರಡಕ್ಕೂ ಹೌದು ಬಂದರೆ ಹಾಕುತ್ತೇನೆ. ಎರಡನೇ ಹಂತದ ದೃಢೀಕರಣ ಕದ್ದ ಪಾಸ್‌ವರ್ಡನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಒಂದು ವಾಕ್ಯ ಸಾಕಾಯಿತು. ದೊಡ್ಡ ಆಸ್ಪತ್ರೆ, ಬ್ಯಾಂಕುಗಳಿಗೆ ಇದಕ್ಕಿಂತ ಜಾಸ್ತಿ ಬೇಕಾಗುತ್ತದೆ, ನಿಜ. ಆದರೆ ಅವರಲ್ಲಿ ಅದನ್ನೇ ನೋಡಿಕೊಳ್ಳುವ ಜನ ಇರುತ್ತಾರೆ. ನೋಡಿಕೊಳ್ಳುವವರಿಲ್ಲದ ಕಡೆ ಅದೇ ಸಾಮಾನು ತಂದಿಟ್ಟರೆ ಧೂಳು ಹಿಡಿದು ಹಳೆಯದಾಗಿ ಅದೇ ಕಂಡಿಯಾಗುತ್ತದೆ.

ಪ್ರಶ್ನೆ: ಕರೆಂಟ್ ಇಲ್ಲ, ಸಿಡಿಲು, ಮರ ಬಿದ್ದು ಕೇಬಲ್ ಕಟ್. ನಮ್ಮ ಕಷ್ಟ ಇದು. ಭದ್ರತೆಗೂ ಇದಕ್ಕೂ ಏನು ಸಂಬಂಧ?

ತುಂಬಾ ಸಂಬಂಧ ಇದೆ. ಕಚೇರಿ ನಿಂತಾಗಲೇ ಜನ ಅಡ್ಡದಾರಿ ಹಿಡಿಯುತ್ತಾರೆ. ಲೈನ್ ಹೋಯಿತು ಅಂತ ಯಾರದೋ ಮೊಬೈಲ್ ಹಾಟ್‌ಸ್ಪಾಟಿಗೆ ಸರ್ವರನ್ನು ಸೇರಿಸುತ್ತಾರೆ. ಸುಟ್ಟ ಫೈರ್‌ವಾಲನ್ನು ಬದಿಗಿಟ್ಟು ವೈರನ್ನು ನೇರ ಚುಚ್ಚುತ್ತಾರೆ. ಆಮೇಲೆ ಅದು ಹಾಗೇ ಉಳಿಯುತ್ತದೆ.

ಸಿಗಂದೂರಿನ ಸೇತುವೆ ಆಗುವ ಮೊದಲು ತುಮರಿ ಕಡೆಗೆ ಹೋಗಬೇಕಾದರೆ ಲಾಂಚ್ ಕಾಯಬೇಕಿತ್ತು. ಆಗುಂಬೆ ಕಡೆ ಮಳೆ ಹಿಡಿದರೆ ರಿಪೇರಿಗೆ ಅಂತ ಹೊರಟವರು ಯಾವಾಗ ತಲುಪುತ್ತಾರೆ ಅಂತ ಹೇಳಲು ಬರುವುದಿಲ್ಲ. ಹಾಗಾಗಿ ಫೋನಿನಲ್ಲಿ ಹೇಳಿ ಸರಿಮಾಡಿಸುವ ಹಾಗಿರಬೇಕು. ನೀಲಿ ವೈರ್ ಕಿತ್ತು ಎರಡನೇ ಪೆಟ್ಟಿಗೆಗೆ ಹಾಕಿ ಅಂದರೆ ಅಲ್ಲಿನ ಗುಮಾಸ್ತರಿಗೆ ಅರ್ಥವಾಗಬೇಕು. ಅದಕ್ಕೇ ನಾನು ಎಲ್ಲ ಕಡೆ ಬಣ್ಣ ಒಂದೇ ಥರ ಇಡುತ್ತೇನೆ. ಇಂಟರ್ನೆಟ್‌ನಿಂದ ಬರುವುದು ನೀಲಿ, ಕ್ಯಾಮೆರಾದ್ದು ಹಸಿರು, ಉಳಿದದ್ದು ಬೂದು. ಅದೇ ಮಾಡೆಲ್‌ನ ಇನ್ನೊಂದು ರೂಟರನ್ನು ಅದೇ ಸೆಟ್ಟಿಂಗ್ ಹಾಕಿ ಪೆಟ್ಟಿಗೆಯಲ್ಲಿ ಇಟ್ಟುಬರುತ್ತೇನೆ. ಒಂದು ಕೆಟ್ಟರೆ ಇನ್ನೊಂದು ತಾನಾಗಿ ಕೆಲಸಕ್ಕೆ ಇಳಿಯುವ ಜೋಡಿ ಫೈರ್‌ವಾಲ್‌ಗಿಂತ ಇದು ಅಗ್ಗ, ಕೆಡುವುದೂ ಕಡಿಮೆ.

ಸಿಡಿಲಿನ ವಿಷಯ. ಎರಡು ಕಟ್ಟಡದ ನಡುವೆ ತಾಮ್ರದ ಕೇಬಲ್ ಎಳೆಯಬೇಡಿ. ಸಿಡಿಲಿನ ಹೊಡೆತ ಅದರಲ್ಲೇ ಹರಿದು ಎರಡೂ ಕಡೆಯ ಸ್ವಿಚ್ ಸುಡುತ್ತದೆ. ಫೈಬರ್ ಹಾಕಿಸಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ತಾಮ್ರದ ಈಥರ್ನೆಟ್ ಹೇಗೂ 100 ಮೀಟರಿಗೆ ಮುಗಿಯುತ್ತದೆ.

ಪ್ರಶ್ನೆ: ನಮ್ಮಲ್ಲಿ ಈಗಾಗಲೇ ಎಲ್ಲ ಗೋಜಲಾಗಿದೆ. ಹಾಕಿದವರು ಫೋನ್ ಎತ್ತುವುದಿಲ್ಲ. ಎಲ್ಲಿಂದ ಶುರು ಮಾಡುವುದು?

ಒಂದು ದೊಡ್ಡ ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ. ಇಂಟರ್ನೆಟ್ ಬರುವ ವೈರಿನಿಂದ ಶುರುಮಾಡಿ ಒಂದೊಂದೇ ಹಿಡಿದು ಹೋಗಿ, ಬರೆಯುತ್ತಾ ಹೋಗಿ. ಕಂಪ್ಯೂಟರಿನಲ್ಲಿ ಮಾಡಬೇಡಿ, ಕೈಯಲ್ಲೇ ಬರೆಯಿರಿ. ಕೈಯಲ್ಲಿ ಬರೆದರೆ ವೈರ್ ಮುಟ್ಟಿ ನೋಡುತ್ತೀರಿ. ಒಂದು ಹಳೇ ಶಾಲೆಯಲ್ಲಿ ಹೀಗೆ ಹೋದಾಗ ಅಟ್ಟದ ಮೇಲೆ ಒಂದು ವೈಫೈ ಪೆಟ್ಟಿಗೆ ಸಿಕ್ಕಿತು. ಪಾಸ್‌ವರ್ಡೇ ಇರಲಿಲ್ಲ. ಯಾರು ಇಟ್ಟರು ಅಂತ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಏನು ಅಂತ ಗೊತ್ತಾಗದ ವೈರಿಗೆ ಚೀಟಿ ಕಟ್ಟಿ, ತಾರೀಕು ಬರೆದು, ಕಿತ್ತು ಇಡಿ. ಆಸ್ಪತ್ರೆಯಲ್ಲಾದರೆ ಹಾಗೆ ಮಾಡಬೇಡಿ, ಮೊದಲು ಡಾಕ್ಟರನ್ನು ಕೇಳಿ. ಬೇರೆ ಕಡೆ ಒಂದು ತಿಂಗಳು ಕಾಯಿರಿ. ತಿಂಗಳ ಕೊನೆಯ ಲೆಕ್ಕ ಮುಗಿದರೂ ಯಾರೂ ಕೇಳದಿದ್ದರೆ ಅದು ಬೇಡದ್ದು.

ಆಮೇಲೆ ಹೆಸರು. ಉಪಕರಣಗಳಿಗೆ ಗೊತ್ತಾಗುವ ಹೆಸರಿಡಿ. ಕೌಂಟರ್ 1, ಕೌಂಟರ್ 2, ಮ್ಯಾನೇಜರ್ ಕೋಣೆ. ವಿಂಡೋಸ್ ತಾನೇ ಇಟ್ಟ ಉದ್ದದ ಹೆಸರಿನಿಂದ ಯಾವ ಮೆಷಿನ್ ತೊಂದರೆ ಕೊಡುತ್ತಿದೆ ಅಂತ ರಾತ್ರಿ ಹತ್ತು ಗಂಟೆಗೆ ಫೋನಿನಲ್ಲಿ ಹೇಗೆ ಹೇಳುವುದು?

ಹಾಳೆ ಒಂದರಲ್ಲಿ ಮುಗಿಯದಿದ್ದರೆ ಹಾಳೆ ಜೋಡಿಸಬೇಡಿ. ಏನು ತೆಗೆಯಬಹುದು ನೋಡಿ.

ಪ್ರಶ್ನೆ: ಇಷ್ಟೆಲ್ಲ ಮಾಡಿದರೂ ಕಳ್ಳ ಒಳಗೆ ಬಂದರೆ?

ಬರಬಹುದು. ಆಗ ಮೊದಲು ಮಾಡಬೇಕಾದ್ದು ಆ ಕಂಪ್ಯೂಟರಿನ ನೆಟ್‌ವರ್ಕ್ ವೈರ್ ಕೀಳುವುದು, ವೈಫೈ ಆಫ್ ಮಾಡುವುದು. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಹೇಗೆ ಬಂದರು ಅನ್ನುವ ಗುರುತೆಲ್ಲ ಅಳಿಸಿಹೋಗುತ್ತದೆ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ. ಸಂಸ್ಥೆಗಳು ಇಂಥ ಘಟನೆಯನ್ನು ತಿಳಿದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನಲ್ಲಿ ಆದೇಶ ಬಂದಿದೆ. 6 ಗಂಟೆಯಲ್ಲಿ ಏನಾಯಿತು ಅಂತ ಬರೆಯಬೇಕಾದರೆ ಆ ಒಂದು ಹಾಳೆಯ ಚಿತ್ರ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಅವತ್ತು ಗೊತ್ತಾಗುತ್ತದೆ.

ಬ್ಯಾಕಪ್ ಲೆಕ್ಕ 3-2-1. ಮೂರು ಪ್ರತಿ, ಎರಡು ಬೇರೆ ಥರದ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಒಂದಾದರೂ ವೈರಿಗೆ ಸೇರದೆ ಇರಲಿ. ಕಂಪ್ಯೂಟರಿಗೆ ಚುಚ್ಚಿಯೇ ಇರುವ ಹಾರ್ಡ್ ಡಿಸ್ಕ್ ಕೂಡ ಜೊತೆಯಲ್ಲೇ ಲಾಕ್ ಆಗುತ್ತದೆ. ಮೂರು ತಿಂಗಳಿಗೊಮ್ಮೆ ಒಂದು ಫೈಲನ್ನು ಅದರಿಂದ ವಾಪಸ್ ತೆಗೆದು ತೆರೆದು ನೋಡಿ.

1930ರಂಥ ಫೋನ್ ನಂಬರುಗಳನ್ನು, ಚಿತ್ರದ ಹಾಳೆಯನ್ನು ಕಂಪ್ಯೂಟರಿನೊಳಗೆ ಇಟ್ಟುಕೊಳ್ಳಬೇಡಿ. ಅವತ್ತು ಅದೇ ತೆರೆಯುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಯುಪಿಎಸ್ ಪಕ್ಕದ ಗೋಡೆಗೆ ಮೊಳೆ ಹೊಡೆದು ನೇತುಹಾಕಿ. ಸುಮ್ನೆ ಅಂಟಿಸಿದರೆ ಆಷಾಢದ ಮಳೆಯ ಥಂಡಿಗೆ ಬಿದ್ದುಹೋಗುತ್ತದೆ.